ಊಟಕ್ಕೆ ಏಳದ ಹುಡುಗ

ಈ ದತ್ತಿ ಉಪನ್ಯಾಸಕ್ಕೆ ಎರಡೇ ಷರತ್ತು ಎಂದು ಸಂಘಟಕರು ಫೋನಿನಲ್ಲಿ ಹೇಳಿದರು. ವಿಷಯ ವಿಜ್ಞಾನದ್ದಾಗಿರಬೇಕು, ಕೊನೆಯ ಸಾಲಿನಲ್ಲಿ ಕೂತವರಿಗೂ ಕನ್ನಡದಲ್ಲಿ ತಿಳಿಯಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಪ್ರಯತ್ನಿಸುತ್ತೇನೆ. ನಾನು ವೈದ್ಯನಲ್ಲ. ಮೇಷ್ಟರ ಕೆಲಸ ಮಾಡಿ, ವಿಜ್ಞಾನದ ಬಗ್ಗೆ ಬರೆದುಕೊಂಡು ಬಂದವನು. ನನ್ನ ಮಾತನ್ನು ಚೀಟಿ ಬರೆದುಕೊಟ್ಟ ಔಷಧಿಯಂತೆ ತೆಗೆದುಕೊಳ್ಳಬೇಡಿ.

ನಿನ್ನೆ ಸಂಜೆಯೇ ಹೊಸೂರಿನ ಪಕ್ಕದ ಮತ್ತಿಗಿರಿಗೆ ಬಂದು ನೆಂಟರ ಮನೆಯಲ್ಲಿ ಇಳಿದುಕೊಂಡೆ. ಜಗುಲಿಯ ಮೂಲೆಯಲ್ಲಿ ಎಂಟನೇ ತರಗತಿಯ ಹುಡುಗ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಫೋನು ಅಡ್ಡ ಹಿಡಿದು ಕೂತಿದ್ದ. ಚಾರ್ಜರಿನ ವೈರು ಕಿಟಕಿಯ ಸರಳಿನ ನಡುವಿನಿಂದ ತೂರಿ ಬಂದಿತ್ತು. ಪರದೆಯ ಒಂದು ಮೂಲೆ ಒಡೆದು ಜೇಡರ ಬಲೆಯ ಹಾಗಾಗಿತ್ತು. ಅವನ ಹೆಬ್ಬೆರಳು ಆ ಬಲೆಯನ್ನು ತಪ್ಪಿಸಿಕೊಂಡೇ ಓಡಾಡುತ್ತಿತ್ತು. ಒಳಗಿನಿಂದ ತಾಯಿ ಕೂಗಿದಳು, "ಮುದ್ದೆ ತಣ್ಣಗಾಯ್ತದೆ, ಬಾರ್ಲಾ." ಇವನು, "ಬಂದೆ ಕಣಮ್ಮ, ಒಂದೇ ಮ್ಯಾಚು." ಎರಡನೇ ಕೂಗು, ಮೂರನೇ ಕೂಗು. ನಾಲ್ಕನೆಯದಕ್ಕೆ ಅವನ ಹೆಸರಿನ ಜೊತೆ ಅವರಪ್ಪನ ಹೆಸರೂ ಸೇರಿತು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, "ಯಾಕಪ್ಪ ಏಳಲ್ಲ?" ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ನಾನೆದ್ದೋದ್ರೆ ಮೂರೇ ಜನ ಆಗ್ತಾರೆ ಮಾವ. ಜೋನ್ ಬೇರೆ ಮುಚ್ಕಂತಾ ಐತೆ. ಅವರು ಸತ್ತೋಗ್ತಾರೆ."

ನಾನು ಬೆಂಗಳೂರಿನಿಂದ ಬರೆದು ತಂದಿದ್ದ ಭಾಷಣ ಅಲ್ಲಿಗೆ ಅರ್ಧ ಕೆಟ್ಟಿತು. ತಾಯಿಗೆ ಕಾಣುವುದು ಮಾತು ಕೇಳದ ಮಗ. ಮಗನಿಗೆ ಕಾಣುವುದು ಬಿಟ್ಟು ಬರಲಾಗದ ಮೂವರು ಗೆಳೆಯರು. ಅವರಲ್ಲಿ ಒಬ್ಬ ಕನ್ನಡದಲ್ಲಿ, ಒಬ್ಬ ತೆಲುಗಿನಲ್ಲಿ, ಇನ್ನೊಬ್ಬ ತಮಿಳಿನಲ್ಲಿ ಕೂಗುತ್ತಿದ್ದ. ಈ ಗಡಿಸೀಮೆಯ ಮಕ್ಕಳಿಗೆ ಮಾತ್ರ ಸಾಧ್ಯವಾದ ವಿದ್ಯೆ ಅದು.

ಇದಕ್ಕೆ ಏನೆನ್ನಬೇಕು? ಇಂಗ್ಲಿಷಿನ 'ಅಡಿಕ್ಷನ್' ಎಂಬ ಒಂದು ಪದ ಎಲ್ಲವನ್ನೂ ಒಂದೇ ಮೂಟೆಗೆ ತುಂಬುತ್ತದೆ. ನಮ್ಮಲ್ಲಿ ಮೆಟ್ಟಿಲುಗಳಿವೆ. ಹಾಡೊಂದು ತಲೆಯೊಳಗೆ ಸುತ್ತುತ್ತಿದ್ದರೆ ಗುಂಗು. ಬಿಡುವಿದ್ದಾಗ ಇಷ್ಟಪಟ್ಟು ಮಾಡಿದರೆ ಹವ್ಯಾಸ. ಬಿಡುವು ಮಾಡಿಕೊಂಡು ಮಾಡಿದರೆ ಗೀಳು. ಬಿಟ್ಟಿರಲಾರದೆ ಮಾಡಿದರೆ ಚಟ. ಕೊನೆಯ ಮೆಟ್ಟಿಲು ವ್ಯಸನ. ಆ ಪದಕ್ಕೆ ಕನ್ನಡದಲ್ಲಿ ಎರಡರ್ಥ. ಕುಡಿತ ವ್ಯಸನ, ಆದರೆ "ಮಗನನ್ನು ನೆನೆದು ವ್ಯಸನಪಟ್ಟಳು" ಎಂದಾಗ ಅದು ದುಃಖ. ಎರಡೂ ಅರ್ಥ ಸಂಸ್ಕೃತದಿಂದ ಬಂದ ಆ ಒಂದೇ ಪದದಲ್ಲಿ ಕೂತಿವೆ. ಇವತ್ತಿನ ಸಂಶೋಧಕರು ಹೊಡೆದಾಡುತ್ತಿರುವ ಪ್ರಶ್ನೆಯೂ ಬಹುಪಾಲು ಇದೇ: ಚಟದಿಂದ ದುಃಖ ಬಂತೋ, ದುಃಖದಿಂದ ಚಟ ಬಂತೋ?

ಜೈನರ ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜಿಗೇ ಅಗ್ರಸ್ಥಾನ. ಅದಕ್ಕೂ ಹಿಂದೆ, ಋಗ್ವೇದದ ಹತ್ತನೇ ಮಂಡಲದ ಮೂವತ್ತನಾಲ್ಕನೇ ಸೂಕ್ತದಲ್ಲಿ ಜೂಜುಗಾರನೊಬ್ಬ ಮಾತಾಡುತ್ತಾನೆ. ಆಗಿನ ದಾಳ ತಾರೆಮರದ ಕಾಯಿ. ಇನ್ನು ಆಡುವುದಿಲ್ಲ ಎಂದು ನಿಶ್ಚಯಿಸಿಕೊಂಡವನು ಕಾಯಿಗಳ ಸದ್ದು ಕೇಳಿದೊಡನೆ ಹೊರಟುಬಿಡುತ್ತಾನೆ. ಹೆಂಡತಿ ಬೇಸತ್ತಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ. ಬಿಡಬೇಕೆಂದರೂ ಬಿಡಲಾಗದ್ದು, ಬೇರೆಲ್ಲ ಹಿಂದೆ ಬಿದ್ದದ್ದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿದದ್ದು. ಈ ಮೂರನ್ನು ನೆನಪಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬ ಕಾಯಿಲೆಗೆ ಕೊಟ್ಟಿರುವ ಲಕ್ಷಣಗಳು ಹೆಚ್ಚುಕಡಿಮೆ ಇವೇ. 2019ರ ಮೇ ತಿಂಗಳಲ್ಲಿ ಸದಸ್ಯ ದೇಶಗಳು ಒಪ್ಪಿದವು, 2022ರ ಜನವರಿ 1ರಿಂದ ಜಾರಿಗೆ ಬಂತು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು, ಓದು, ಕೆಲಸ, ಸಂಬಂಧಗಳಿಗೆ ಗಣನೀಯ ಪೆಟ್ಟು ಬಿದ್ದಿರಬೇಕು ಎಂಬುದು ಷರತ್ತು. ದಿನಕ್ಕೆ ಎಷ್ಟು ಗಂಟೆ ಎಂಬ ಮಾತೇ ಆ ವ್ಯಾಖ್ಯೆಯಲ್ಲಿ ಇಲ್ಲ. ನಮ್ಮ ಮನೆಗಳಲ್ಲಿ ನಡೆಯುವ ಜಗಳವೆಲ್ಲ ಗಂಟೆಯ ಲೆಕ್ಕದ್ದೇ.

ಅಮೆರಿಕದ ಮನೋವೈದ್ಯರ ಸಂಘ ಇದಕ್ಕೂ ಮುಂಚೆ, 2013ರಲ್ಲಿ, ಒಂಬತ್ತು ಲಕ್ಷಣಗಳ ಪಟ್ಟಿ ಮಾಡಿ, ಐದಿದ್ದರೆ ಸಮಸ್ಯೆ ಎಂದಿತು. ಆದರೆ ಅದನ್ನು ತನ್ನ ರೋಗನಿರ್ಣಯದ ಪುಸ್ತಕದ ಮುಖ್ಯ ಭಾಗದಲ್ಲಿ ಇಡಲಿಲ್ಲ. ಇನ್ನೂ ಅಧ್ಯಯನ ಬೇಕು ಎಂಬ ವಿಭಾಗದಲ್ಲಿ ಇಟ್ಟಿತು. ಅದು ಜಾಣತನವೇ ಹೌದು. ಯಾಕೆಂದರೆ ಆಮೇಲೆ ವಿದ್ವಾಂಸರ ದೊಡ್ಡ ಗುಂಪೊಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಸ್ತಾವವನ್ನು ಬಹಿರಂಗವಾಗಿ ವಿರೋಧಿಸಿತು. ಸಾಕ್ಷ್ಯ ಗಟ್ಟಿಯಾಗಿಲ್ಲ, ಸುಮ್ಮನೆ ಆಡುವ ಕೋಟ್ಯಂತರ ಮಕ್ಕಳಿಗೆ ಹಣೆಪಟ್ಟಿ ಹಚ್ಚಿದಂತಾಗುತ್ತದೆ ಎಂಬುದು ಅವರ ವಾದ. ಇನ್ನೊಂದು ಕಡೆ ಚಿಕಿತ್ಸೆ ಕೊಡುವ ವೈದ್ಯರು, ನಮ್ಮ ಬಾಗಿಲಿಗೆ ಬಂದು ನಿಂತವರನ್ನು ಏನು ಮಾಡೋಣ ಎಂದು ಕೇಳಿದರು. ಇಬ್ಬರ ಮಾತಿನಲ್ಲೂ ಹುರುಳಿದೆ.

ಈ ಜಗಳ ಎಷ್ಟು ಆಳದ್ದು ಎನ್ನುವುದಕ್ಕೆ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಡುತ್ತೇನೆ. ಸಿಂಗಪುರದಲ್ಲಿ ಡಗ್ಲಸ್ ಜೆಂಟೈಲ್ ಮತ್ತು ಸಂಗಡಿಗರು 3,034 ಶಾಲಾ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದರು. ಫಲಿತಾಂಶ 2011ರಲ್ಲಿ ಬಂತು. ಸುಮಾರು 9 ಶೇಕಡ ಮಕ್ಕಳಲ್ಲಿ ಆಟ ರೋಗದ ಮಟ್ಟದಲ್ಲಿತ್ತು, ಮೊದಲು ಹಾಗಿದ್ದವರಲ್ಲಿ 84 ಶೇಕಡ ಮಂದಿ ಎರಡು ವರ್ಷದ ಮೇಲೂ ಹಾಗೇ ಇದ್ದರು ಎಂದರು. ಖಿನ್ನತೆ, ಆತಂಕ, ಅಂಕಗಳ ಕುಸಿತ ಆಟದ ಹಿಂದಿನಿಂದ ಬಂದಂತೆ ಅವರಿಗೆ ಕಂಡಿತು. ಅಂದರೆ ಚಟ ಮೊದಲು, ದುಃಖ ಆಮೇಲೆ.

2017ರಲ್ಲಿ ನೆಟಾ ವೈನ್‌ಸ್ಟೀನ್, ಆಂಡ್ರ್ಯೂ ಪ್ರಿಝಿಬಿಲ್‌ಸ್ಕಿ ಮತ್ತು ಕೋವು ಮುರಾಯಾಮಾ ಅಮೆರಿಕದ 5,777 ವಯಸ್ಕರನ್ನು ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಕೇಳಿದರು. ಮೊದಲ ಸಲ ರೋಗದ ಗೆರೆ ದಾಟಿದ್ದವರಲ್ಲಿ ಎರಡನೇ ಸಲ ಒಬ್ಬರೂ ಆ ಗೆರೆಯ ಮೇಲಿರಲಿಲ್ಲ. ಬದುಕಿನಲ್ಲಿ ಸ್ವಾತಂತ್ರ್ಯ, ಸಾಮರ್ಥ್ಯ, ಒಡನಾಟ ಸಿಗದವರೇ ಆಟದಲ್ಲಿ ತೊಂದರೆಗೆ ಸಿಕ್ಕುವುದು ಹೆಚ್ಚು ಎಂಬ ಕಡೆ ಆ ಅಧ್ಯಯನ ವಾಲಿತು. ಇಲ್ಲಿ ದುಃಖ ಮೊದಲು.

ಒಂದು ಕಡೆ 84, ಇನ್ನೊಂದು ಕಡೆ ಸೊನ್ನೆ. ಸಿಂಗಪುರದವರು ಅಳೆದದ್ದು ಮಕ್ಕಳನ್ನು, ಜೂಜಿನ ರೋಗಕ್ಕೆಂದು ಮಾಡಿದ್ದ ಅಳತೆಗೋಲನ್ನು ಆಟಕ್ಕೆ ಹೊಂದಿಸಿಕೊಂಡು. 'ಒಮ್ಮೊಮ್ಮೆ' ಎಂದು ಉತ್ತರಿಸಿದವರಿಗೂ ಅರ್ಧ ಅಂಕ ಕೊಟ್ಟರು. ಇನ್ನೊಬ್ಬರು ಅಳೆದದ್ದು ದೊಡ್ಡವರನ್ನು, ಆಟದಿಂದ ನಿಜವಾಗಿ ಸಂಕಟವಾಗಿದೆಯೇ ಎಂಬ ಪ್ರಶ್ನೆಯನ್ನೂ ಸೇರಿಸಿ. ಸೇರು ಬೇರೆ, ಪಾವು ಬೇರೆ. ರಾಗಿ ಎಷ್ಟಿದೆ ಎಂದು ಜಗಳ. ಅಳತೆ ಬಿಗಿ ಮಾಡಿದ ಹಾಗೆಲ್ಲ ಸಂಖ್ಯೆ ಇಳಿಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮೊದಲು ಸಿಕ್ಕಿದ್ದು 3.05 ಶೇಕಡ, ಸರಿಯಾಗಿ ಮಾದರಿ ಆರಿಸಿದ ಅಧ್ಯಯನಗಳನ್ನು ಮಾತ್ರ ಇಟ್ಟುಕೊಂಡಾಗ 1.96. ಗಂಡುಹುಡುಗರು ಹುಡುಗಿಯರ ಎರಡೂವರೆ ಪಟ್ಟು. ನನ್ನ ತೀರ್ಮಾನ ಹೇಳಲೇಬೇಕೆಂದರೆ: ಸಮಸ್ಯೆ ನಿಜ, ಆದರೆ ನೂರರಲ್ಲಿ ಒಂದೆರಡು ಮಕ್ಕಳದ್ದು. ಉಳಿದ ತೊಂಬತ್ತೆಂಟು ಮಕ್ಕಳದ್ದು ಗೀಳು. ಗೀಳಿಗೆ ಆಸ್ಪತ್ರೆ ಬೇಡ.

ಇನ್ನು ಮಿದುಳಿನ ಮಾತು. ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಹೆಸರು ಈಗ ವಾಟ್ಸ್ಯಾಪಿನಲ್ಲಿ ಅರಿಶಿನ ಕುಂಕುಮದ ಹಾಗೆ ಹಂಚಿಹೋಗಿದೆ. ಅದಕ್ಕೂ ಆಟಕ್ಕೂ ಗಂಟು ಬಿದ್ದದ್ದರ ಮೂಲ 1998ರ ಒಂದು ಪ್ರಯೋಗ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಎಂಟು ಗಂಡಸರು ಟ್ಯಾಂಕ್ ಓಡಿಸುವ ಒಂದು ಆಟ ಆಡಿದರು. ಒಂದೊಂದು ಹಂತ ದಾಟಿದರೆ ಹಣ. ಸ್ಕ್ಯಾನ್ ಮಾಡಿ ನೋಡಿದಾಗ ಮಿದುಳಿನ ಸ್ಟ್ರಯಾಟಮ್ ಭಾಗದಲ್ಲಿ ಡೋಪಮೈನ್ ಬಿಡುಗಡೆ ಏರಿತ್ತು. 'ನೇಚರ್' ಪತ್ರಿಕೆಯಲ್ಲಿ ಬಂದ ಸುಂದರ ಪ್ರಯೋಗ, ಎಂಟೇ ಜನರ ಮೇಲೆ. ಡಿಜಿಟಲ್ ಹೆರಾಯಿನ್ ಎಂಬ ಪತ್ರಿಕಾ ಭಾಷೆ ಇಂಥ ಪ್ರಯೋಗಗಳ ಬೆನ್ನೇರಿಯೇ ಬೆಳೆದದ್ದು. ಹಸಿದಾಗ ಮುದ್ದೆಯ ಘಮಲಿಗೂ ಡೋಪಮೈನ್ ಏರುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ.

ಡೋಪಮೈನ್ ಸುಖದ ರಸ ಎಂಬುದೂ ಪೂರ್ತಿ ಸರಿಯಲ್ಲ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ ಸಂಗತಿ ಬೇರೆ. ನಿರೀಕ್ಷಿಸಿದ ಹಣ್ಣಿನ ರಸ ನಿರೀಕ್ಷಿಸಿದ ಹಾಗೇ ಸಿಕ್ಕರೆ ಡೋಪಮೈನ್ ನರಕೋಶಗಳು ತಣ್ಣಗಿರುತ್ತವೆ. ನಿರೀಕ್ಷೆ ಮೀರಿ ಸಿಕ್ಕರೆ ಮಿಡಿಯುತ್ತವೆ. ಸಿಗಬಹುದು, ಸಿಗದಿರಬಹುದು ಎಂಬ ಅರ್ಧರ್ಧ ಸ್ಥಿತಿಯಲ್ಲಿ ಕಾಯುತ್ತಿರುವಾಗಲೇ ಕೆಲವು ಕೋಶಗಳ ಮಿಡಿತ ಅತಿ ಹೆಚ್ಚು. ಅದಕ್ಕೂ ದಶಕಗಳ ಹಿಂದೆ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದನ್ನೇ ಹೋಲುತ್ತದೆ: ಯಾವ ಕುಟುಕಿಗೆ ಕಾಳು ಬೀಳುತ್ತದೋ ಗೊತ್ತಿಲ್ಲದಿದ್ದರೆ ಹಕ್ಕಿ ಕುಟುಕುತ್ತಲೇ ಇರುತ್ತದೆ.

ಹೊಸೂರಿನ ಚಂದ್ರಚೂಡೇಶ್ವರನ ಜಾತ್ರೆಯಲ್ಲಿ ಬಳೆ ಎಸೆಯುವ ಅಂಗಡಿಯ ಮುಂದೆ ನಿಂತವರಿಗೆ ಇದಕ್ಕೆ ಮಂಗವೂ ಬೇಡ, ಪಾರಿವಾಳವೂ ಬೇಡ. ಬಳೆ ಸೋಪಿನ ಡಬ್ಬಿಯ ಮೂಲೆಗೆ ತಗುಲಿ ಒಂದು ಸುತ್ತು ಸುತ್ತಿ ಆಚೆ ಬೀಳುತ್ತದೆ. ದೂರ ಬಿದ್ದಿದ್ದರೆ ನಡೆದುಬಿಡುತ್ತಿದ್ದೆವು. ಕೂದಲೆಳೆಯಲ್ಲಿ ತಪ್ಪಿತಲ್ಲ, ಇನ್ನೊಂದು ಹತ್ತು ರೂಪಾಯಿ ತೆಗೆಯುತ್ತೇವೆ. ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಸ್ಕ್ಯಾನರಿನಲ್ಲಿ ನೋಡಿದರು. ಕೂದಲೆಳೆಯ ಸೋಲು ಗೆಲುವಿನ ಮಿದುಳಿನ ಜಾಗಗಳನ್ನೇ ತಟ್ಟುತ್ತದೆ. ಆಟ ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ಒಡೆಯುವ 'ಲೂಟ್ ಬಾಕ್ಸ್' ಎಂಬ ಪೆಟ್ಟಿಗೆಗಳಿವೆಯಲ್ಲ, ಬೆಲ್ಜಿಯಂ 2018ರಲ್ಲೇ ಅವನ್ನು ಜೂಜು ಎಂದು ಘೋಷಿಸಿತು. ನಾನೂ ಸಾಚಾ ಅಲ್ಲ. ಮಿಠಾಯಿ ಜೋಡಿಸುವ ಒಂದು ಆಟದಲ್ಲಿ "ಇನ್ನೊಂದೇ ನಡೆ ಬೇಕಿತ್ತು" ಎಂದು ಅದು ಹೇಳಿದ್ದನ್ನು ನಂಬಿ ಬೆಳಗಿನ ಜಾವ ಎರಡರವರೆಗೆ ಕೂತಿದ್ದೇನೆ. ನಮ್ಮ ಮನೆಯವಳು ಎದ್ದು ಬಂದು ಏನೂ ಮಾತಾಡದೆ ದೀಪ ಆರಿಸಿ ಹೋದಳು. ಅಷ್ಟು ಪರಿಣಾಮಕಾರಿ ಚಿಕಿತ್ಸೆಯನ್ನು ನಾನು ಯಾವ ಪ್ರಬಂಧದಲ್ಲೂ ಓದಿಲ್ಲ.

ಒಳಿತಿನ ಪಟ್ಟಿಯೂ ಇದೆ. ವೇಗದ ಆಟಗಳು ಕಣ್ಣಿನ ಗಮನವನ್ನು ಚುರುಕು ಮಾಡುತ್ತವೆ ಎಂದು ಸಂಶೋಧಕರಾದ ಗ್ರೀನ್ ಮತ್ತು ಬಾವೆಲಿಯರ್ 2003ರಲ್ಲಿ ತೋರಿಸಿದರು. ಹೊಡೆದಾಟದ ಆಟದಿಂದ ಮಕ್ಕಳು ಹಿಂಸೆಗೆ ಇಳಿಯುತ್ತಾರೆ ಎಂಬ ಹಳೆಯ ಭಯವನ್ನು ಬ್ರಿಟನ್ನಿನ 1,004 ಹದಿಹರೆಯದವರ ಮೇಲಿನ 2019ರ ಅಧ್ಯಯನ ಬೆಂಬಲಿಸಲಿಲ್ಲ. ನನಗೆ ತುಂಬ ಹಿಡಿಸಿದ್ದು ಜಪಾನಿನದು. ಕೊರೊನಾ ಕಾಲದಲ್ಲಿ ಅಲ್ಲಿ ಸ್ವಿಚ್, ಪ್ಲೇಸ್ಟೇಷನ್ ಯಂತ್ರಗಳ ಅಭಾವವಾಗಿ ಅಂಗಡಿಗಳು ಲಾಟರಿ ಎತ್ತಿ ಮಾರಿದವು. ಲಾಟರಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದರೆ ವಿಧಿಯೇ ಪ್ರಯೋಗ ಮಾಡಿಕೊಟ್ಟ ಹಾಗಾಯಿತು. 97,602 ಜನರ ಮಾಹಿತಿ ಇಟ್ಟುಕೊಂಡು 2024ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಯಂತ್ರ ಸಿಕ್ಕವರ ಮನಸ್ಸಿನ ಆರೋಗ್ಯ ತುಸು ಉತ್ತಮವಾಗಿತ್ತು. ದಿನಕ್ಕೆ ಮೂರು ಗಂಟೆ ದಾಟಿದ ಮೇಲೆ ಲಾಭ ಕುಗ್ಗುತ್ತ ಹೋಯಿತು. ಮನೆಯೊಳಗೇ ಕೂಡಿಹಾಕಿದ ಕಾಲದ ಮಾತು ಇದು ಎಂಬುದನ್ನು ಮರೆಯಬಾರದು.

ಹಾಗಾದರೆ ಕಾನೂನು? ತಮಿಳುನಾಡು-ಕರ್ನಾಟಕ ಗಡಿಯ ಜೂಜುವಾಡಿ ಚೆಕ್‌ಪೋಸ್ಟ್ ನಿಮಗೆಲ್ಲ ಗೊತ್ತು. ಆ ಹೆಸರಿನ ಮೂಲ ಏನೇ ಇರಲಿ, ಕನ್ನಡದ ಕಿವಿಗೆ ಜೂಜೇ ಕೇಳಿಸುತ್ತದೆ. 2020ರ ನವೆಂಬರಿನಲ್ಲಿ ತಮಿಳುನಾಡು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಸುಗ್ರೀವಾಜ್ಞೆಯಿಂದ ನಿಷೇಧಿಸಿತು. ಆಗ ಜೂಜುವಾಡಿಯಲ್ಲಿ ಅಪರಾಧವಾದದ್ದು ಅರ್ಧ ಫರ್ಲಾಂಗು ದಾಟಿ ಕರ್ನಾಟಕದ ಅತ್ತಿಬೆಲೆ ಕಡೆ ಹೋದರೆ ಅಲ್ಲ. 2021ರ ಆಗಸ್ಟಿನಲ್ಲಿ ಮದರಾಸು ಹೈಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಅಕ್ಟೋಬರಿನಲ್ಲಿ ಕರ್ನಾಟಕ ತನ್ನ ನಿಷೇಧ ತಂದಿತು. ಅಲ್ಲಿಗೆ ಅಪರಾಧ ಅತ್ತಿಬೆಲೆಯಲ್ಲಿ, ಜೂಜುವಾಡಿಯಲ್ಲಿ ಅಲ್ಲ! 2022ರ ಫೆಬ್ರವರಿಯಲ್ಲಿ ಕರ್ನಾಟಕದ ಹೈಕೋರ್ಟೂ ಅಲ್ಲಿನ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ತಮಿಳುನಾಡು ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿಯ ವರದಿ ಪಡೆದು ಮತ್ತೆ ಕಾನೂನು ಮಾಡಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿದ ಮೇಲೆ 2023ರ ಏಪ್ರಿಲ್‌ನಲ್ಲಿ ಅಂಕಿತ ಬಿತ್ತು. 2025ರ ನಿಯಮಗಳಲ್ಲಿ ಹಣದ ಆಟಗಳಿಗೆ ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ಬಾಗಿಲು ಹಾಕಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಮಾಡಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು.

ಹಣದ ಆಟದ ವಿಷಯದಲ್ಲಿ ನಾನು ನಿಷೇಧದ ಪರ. ಶಿಫ್ಟು ಮುಗಿಸಿ ಬಂದ ಕಾರ್ಮಿಕ ರಾತ್ರಿ ರಮ್ಮಿಯಲ್ಲಿ ಸಂಬಳ ಕಳೆದುಕೊಂಡರೆ ಅವನ ಹೆಂಡತಿಗೆ ಪಾರಿವಾಳದ ಪ್ರಯೋಗ ಹೇಳಿ ಉಪಯೋಗವಿಲ್ಲ. ಆದರೆ ಜಗುಲಿಯ ಹುಡುಗನ ಆಟ ಬೇರೆ ಜಾತಿಯದು. ಅಲ್ಲಿ ನಿಷೇಧ ಅಷ್ಟು ಕೆಲಸ ಮಾಡಿದ್ದು ಕಾಣೆ. ಇಲ್ಲಿ ಪಬ್‌ಜಿ 2020ರ ಸೆಪ್ಟೆಂಬರ್ 2ರಂದು ಹೋಯಿತು. ಮರುವರ್ಷ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಎಂಬ ಹೊಸ ಅಂಗಿ ತೊಟ್ಟು ಬಂತು. ದಕ್ಷಿಣ ಕೊರಿಯಾ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆಟ ಬಂದ್ ಮಾಡುವ ಕಾನೂನನ್ನು 2011ರಲ್ಲಿ ತಂದು, ಹತ್ತು ವರ್ಷ ನೋಡಿ, ಕೈಬಿಟ್ಟಿತು. ಚೀನಾ 2019ರಲ್ಲಿ ಮಕ್ಕಳಿಗೆ ಸಮಯದ ಮಿತಿ ಹಾಕಿತಲ್ಲ, ಸಂಶೋಧಕರು 700 ಕೋಟಿ ಗಂಟೆಗಳ ಆಟದ ದಾಖಲೆ ಜಾಲಾಡಿದರು. ಅತಿಯಾಗಿ ಆಡುವವರ ಪ್ರಮಾಣ ತಗ್ಗಿದ್ದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ ಎಂದು 2023ರಲ್ಲಿ ಬರೆದರು.

ಆ ನೂರರಲ್ಲಿ ಒಂದೆರಡು ಮಕ್ಕಳಿಗೆ ದಾರಿ ಯಾವುದು? ಹೊಸೂರಿನ ಹೆಸರು ಹೊತ್ತ ರಸ್ತೆಯಲ್ಲೇ ಇದೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಇಲ್ಲಿಂದ 40 ಕಿಲೋಮೀಟರ್ ಆಸುಪಾಸು. ಅಲ್ಲಿನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಡಾ. ಮನೋಜ್ ಕುಮಾರ್ ಶರ್ಮ 2014ರಲ್ಲಿ 'ಶಟ್' ಎಂಬ ಕ್ಲಿನಿಕ್ ಶುರು ಮಾಡಿದರು. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ದೇಶದಲ್ಲಿ ಈ ಬಗೆಯದು ಇದೇ ಮೊದಲು ಎನ್ನುತ್ತಾರೆ. ಕ್ಲಿನಿಕ್ಕಿನ ಹೆಸರು 'ಮುಚ್ಚು' ಎಂದು ಕೇಳಿಸಿದರೂ, ಹೆಸರಿನೊಳಗಿರುವುದು ಬಳಕೆಯೇ ಹೊರತು ನಿಲುಗಡೆಯಲ್ಲ. ಮದ್ಯವನ್ನು ಪೂರ್ತಿ ಬಿಡಿಸಬಹುದು. ಫೋನು ಬಿಡಿಸಿದರೆ ಹುಡುಗನ ಹೋಮ್‌ವರ್ಕೂ ಹೋಗುತ್ತದೆ, ಶಾಲೆಯ ಗುಂಪೂ ಹೋಗುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ಗಡಿಯಾರ ನೋಡುವುದನ್ನು ಸ್ವಲ್ಪ ಬಿಟ್ಟು, ಆಟ ಬಂದ ಮೇಲೆ ಮಗನ ದಿನದಿಂದ ಏನೇನು ಬಿದ್ದುಹೋಗಿದೆ ಎಂದು ಎಣಿಸಿ. ನಿದ್ದೆ ಇದೆಯೇ? ಬೀದಿಯ ಕ್ರಿಕೆಟ್ ಇದೆಯೇ? ಅಜ್ಜಿಯ ಹತ್ತಿರ ಕೂತು ಮಾತಾಡುತ್ತಾನೆಯೇ? ಮೊದಲು ಇಷ್ಟಪಡುತ್ತಿದ್ದದ್ದು ಈಗಲೂ ಇಷ್ಟವೇ? ಒಂದೊಂದಾಗಿ ಎಲ್ಲ ಬಿದ್ದುಹೋಗಿದ್ದರೆ ಆಟಕ್ಕೆ ಬೈಯುವ ಮೊದಲು ದುಃಖವನ್ನು ಹುಡುಕಿ. ಶಾಲೆಯಲ್ಲಿ ಯಾರೋ ಹೊಡೆಯುತ್ತಿರಬಹುದು, ಮನೆಯಲ್ಲಿ ಯಾರೋ ಕುಡಿಯುತ್ತಿರಬಹುದು. ಫೋನು ಕಿತ್ತು ಎಸೆದರೆ ಚಟ ಹೋಗಬಹುದು, ವ್ಯಸನದ ಇನ್ನೊಂದು ಅರ್ಥ ಅಲ್ಲೇ ಉಳಿಯುತ್ತದೆ.

ಆ ಹುಡುಗನದು ಅಂಥ ಕಥೆಯಲ್ಲ. ಅವನ ತಾಯಿಗೆ ನಿನ್ನೆ ರಾತ್ರಿ ಹೇಳಿದ್ದು ಇಷ್ಟೇ: ಈ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ, ನೂರು ಜನರ ಮ್ಯಾಚು ಅರ್ಧ ಗಂಟೆಯೂ ಹಿಡಿಯಬಹುದು. ಮುದ್ದೆ ತಿರುವುವ ಮೊದಲೇ ಒಂದು ಸಲ ಕೇಳು, "ಈಗಿನದು ಕೊನೇದಾ?" ಅಂತ. ಹೌದು ಅಂದರೆ ಎದ್ದು ಬರುವ ಹೊಣೆ ಅವನದು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೇನಣ್ಣ, ಹೇಳೋಗ್ತೀರಿ" ಎಂದಳು. ಈ ಬೆಳಿಗ್ಗೆ ಅವನು ಏಳು ಗಂಟೆಗೆ ಎದ್ದು, ಬ್ಯಾಟು ಹಿಡಿದು ಹೊರಗೆ ಓಡಿದ್ದನ್ನು ನಾನೇ ನೋಡಿದೆ.

ಇಷ್ಟರಿಂದ ಆಗದ ಮನೆಗಳಿಗೆ ಒಂದು ನಂಬರು ಕೊಟ್ಟು ಮುಗಿಸುತ್ತೇನೆ, ಬರೆದುಕೊಳ್ಳಿ: 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸೇವೆ ಅದು. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು.